ಮಳೆಗೆ ಮಾಲಕನಾಗಹೊರಟ ಬಸವಂತರಾಯ

ಪಾಮನಕಲ್ಲೂರಿನ ಬಸವಂತರಾಯ ಐವತ್ತು ದಾಟಿದ ಮೇಲೂ ಒಂದು ದಿನ ಕುಂಟೆ ಹಿಡಿದವನಲ್ಲ. ಹೊಲವಿತ್ತು, ಬೇಕಾದಷ್ಟಿತ್ತು. ಅದನ್ನೆಲ್ಲ ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟು, ಬಿಳಿ ಅಂಗಿ ಬಿಳಿ ಧೋತರ ತೊಟ್ಟು, ಬೆಳಿಗ್ಗೆಯೇ ದಾದೇಸಾಬನ ಚಹಾದಂಗಡಿಯ ಬೆಂಚಿಗೆ ಬಂದು ಕೂಡುತ್ತಿದ್ದ. ಮೈಯಲ್ಲಿ ರೋಗವಿಲ್ಲ, ಮನೆಯಲ್ಲಿ ಕೊರತೆಯಿಲ್ಲ, ಕೈಗೆ ಕೆಲಸವಿಲ್ಲ. ಇದ್ದದ್ದು ಒಂದೇ ಹಸಿವು: ಊರು ತನ್ನನ್ನು ಕೇಳಿ ನಡೆಯಬೇಕು.

ಊರು ಕೇಳುತ್ತಿರಲಿಲ್ಲ. ಹಿಂದೆ ಅವನ ಅಪ್ಪನನ್ನು ಕೇಳುತ್ತಿತ್ತು. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ದನ ಹೊಕ್ಕು ಮೇಯ್ದ ತಕರಾರು, ಎಲ್ಲವೂ ಆ ಮನೆಯ ಕಟ್ಟೆಗೆ ಬರುತ್ತಿದ್ದವು. ಅಪ್ಪ ಕಡಿಮೆ ಮಾತಾಡುತ್ತಿದ್ದ, ಆಡಿದ ಮಾತಿಗೆ ನಿಲ್ಲುತ್ತಿದ್ದ. ಮಗನಿಗೆ ಆ ಕಟ್ಟೆ ಬಂತು, ಉಳಿದದ್ದು ಬರಲಿಲ್ಲ. ಒಮ್ಮೆ ಯಾರದೋ ಎಮ್ಮೆ ಹಾಳುಬಾವಿಗೆ ಬಿದ್ದಾಗ ಜನ ಹಗ್ಗ ಹಾಕಿ ಎಳೆಯುತ್ತಿದ್ದರು. ಬಸವಂತರಾಯ ದಡದ ಮೇಲೆ ನಿಂತು, ಎಡಕ್ಕೆ ಎಳೆಯಿರಿ, ಬಲಕ್ಕೆ ಎಳೆಯಿರಿ ಎಂದು ಕೂಗುತ್ತಲೇ ಇದ್ದ. ಯಾರೂ ಅವನ ಮಾತಿನಂತೆ ಎಳೆಯಲಿಲ್ಲ. ಎಮ್ಮೆ ಮೇಲೆ ಬಂತು. ಮರುದಿನ ಅವನು ಬೆಂಚಿನ ಮೇಲೆ ಕೂತು, "ನಾ ಇಲ್ಲದಿದ್ರ ಅದು ಅಲ್ಲೇ ಸಾಯ್ತಿತ್ತು ನೋಡ್ರಿ" ಎಂದ. ಎಮ್ಮೆಯ ಮಾಲಕ ಪಕ್ಕದಲ್ಲೇ ಕೂತಿದ್ದ. ಚಹಾ ಕುಡಿಸುತ್ತಿದ್ದವನು ಬಸವಂತರಾಯ. ಹೀಗಾಗಿ ಮಾಲಕ ಹೌದೆಂದು ತಲೆಯಾಡಿಸಿದ. ಅವನ ದೊಡ್ಡಸ್ತಿಕೆ ಇಂಥದು, ಅದನ್ನು ಒಪ್ಪಿಕೊಂಡವರೂ ಇಂಥವರು.

ಅವನ ಹೆಂಡತಿ ಶೇಖರಮ್ಮ ಗುರುಗುಂಟಾದವಳು. ತವರಿನವರು ಅವಳ ಹೆಸರಿಗೆ ಈ ಊರಲ್ಲೇ ಒಂದಿಷ್ಟು ಕೆಂಪು ಮಣ್ಣಿನ ಮಸಾರಿ ಹೊಲ ಕೊಂಡುಕೊಟ್ಟಿದ್ದರು. ಆ ಹೊಲವನ್ನು ಅವಳು ಲಾವಣಿಗೆ ಕೊಡಲಿಲ್ಲ. ತಾನೇ ಆಳು ಹಿಡಿದು ಮೆಣಸಿನಕಾಯಿ ಬೆಳೆಸುತ್ತಿದ್ದಳು, ಸಂಜೆ ಸೀರೆಯ ಅಂಚಿಗೆ ಮಣ್ಣು ಮೆತ್ತಿಕೊಂಡು ಬರುತ್ತಿದ್ದಳು. ಗಂಡನ ಯೋಗ್ಯತೆ ಎಷ್ಟು ಎಂಬುದನ್ನು ಅವಳು ಮದುವೆಯಾದ ಹೊಸತರಲ್ಲೇ ತಿಳಿದು, ಆಮೇಲೆ ಆ ವಿಚಾರಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಅವನು ಉಣ್ಣುತ್ತಿದ್ದ. ಅವರಿಬ್ಬರ ಮಾತುಕತೆ ಹೆಚ್ಚುಕಡಿಮೆ ಅಷ್ಟೇ.

ಹೀಗಿದ್ದಾಗ ಊರಿಗೆ ಮಳೆ ಅಳೆಯುವ ಯಂತ್ರ ಬಂತು.

ಮೆಣಸಿನಕಾಯಿಗೆ ಹವಾಮಾನದ ವಿಮೆ ಮಾಡಿಸಿದವರಿಗೆ ಪರಿಹಾರ ಸಿಗಬೇಕೋ ಬೇಡವೋ ಎಂಬುದನ್ನು ಆ ಯಂತ್ರವೇ ಹೇಳಬೇಕು. ಬೆಳೆ ಒಣಗಿತೇ, ಕೊಳೆಯಿತೇ ಎಂದು ನೋಡಲು ಕಂಪನಿಯವರು ಹೊಲಕ್ಕೆ ಕಾಲಿಡುವುದಿಲ್ಲ. ಎಲ್ಲೋ ದೂರದ ಊರಲ್ಲಿ, ತಂಪು ಕೋಣೆಯಲ್ಲಿ, ಪಂಚಾಯಿತಿಗೊಂದರಂತೆ ಇಟ್ಟ ಯಂತ್ರ ಕಳಿಸಿದ ಅಂಕಿ ನೋಡುತ್ತಾರೆ. ಗಿಡ ಬೆಳೆಯುವ ತಿಂಗಳುಗಳಲ್ಲಿ ಮಳೆ ತೀರಾ ಕಡಿಮೆಯಾದರೆ ಪರಿಹಾರ. ಕಾಯಿ ಕೆಂಪಾಗುವ ತಿಂಗಳುಗಳಲ್ಲಿ ಮಳೆ ಮಿತಿಮೀರಿದರೂ ಪರಿಹಾರ. ಹೊಲದಲ್ಲಿ ನಿಂತು ಎದೆ ಬಡಿದುಕೊಂಡರೂ ಯಂತ್ರ ಹೇಳದಿದ್ದರೆ ಏನೂ ಇಲ್ಲ. ಜನರ ಬೆಳೆಯನ್ನು ನೋಡದೆಯೇ ಬೆಳೆಯ ಹಣೆಬರಹ ಬರೆಯುವ ಈ ಪದ್ಧತಿಯನ್ನು ಕಂಡುಹಿಡಿದವರು ಹೊಲ ಕಂಡವರಲ್ಲ ಎಂದು ಬೇರೆ ಹೇಳಬೇಕಿಲ್ಲ.

ಯಂತ್ರ ಕೂಡಿಸಲು ಲಿಂಗಸೂಗೂರಿನಿಂದ ಬೈಕಿನಲ್ಲಿ ಬಂದ ತಂತ್ರಜ್ಞನ ಹೆಸರು ಅಖ್ತರ್. ಮರದ ನೆರಳಿಲ್ಲದ, ದನ ನುಗ್ಗದ ಬಯಲು ಜಾಗ ಬೇಕು ಎಂದ. ಬಸವಂತರಾಯ ಬೆಂಚಿನಿಂದ ಎದ್ದ. ತನ್ನ ಮನೆಯ ಹಿತ್ತಲಿನಾಚೆ ಎತ್ತರದ ಗೋಡೆಯೊಳಗೆ ಖಾಲಿ ಜಾಗವಿದೆ, ಪುಕ್ಕಟೆ ಕೊಡುತ್ತೇನೆ ಎಂದ. ಅಖ್ತರ್ ಅಲ್ಲಿ ಮೊಣಕಾಲೆತ್ತರದ ಕಂಬದ ಮೇಲೆ ಲಾಳಿಕೆಯಂಥ ಬಾಯಿಯ ಡಬ್ಬಿ ನಿಲ್ಲಿಸಿ, ಪಕ್ಕದಲ್ಲಿ ಸೌರ ಹಲಗೆ ಕಟ್ಟಿ, ಸುತ್ತ ತಂತಿ ಬೇಲಿ ಹಾಕಿ ಕೀಲಿ ಜಡಿದ.

"ಇದರಾಗ ನೀವು ನೋಡೂದು ಏನೂ ಇಲ್ರಿ. ಹನಿ ಬಿದ್ರ ಅದೇ ಲೆಕ್ಕ ಹಾಕಿ ಫೋನಿನ ಟವರ್‌ಗೆ ಕಳಸ್ತದ. ಹುಲ್ಲು ಬೆಳೆದ್ರ ಕೊಯ್ಸ್ರಿ, ಅಷ್ಟ ಸಾಕು" ಎಂದು ಹೇಳಿ ಕೀಲಿಕೈಯನ್ನು ಬಸವಂತರಾಯನ ಕೈಗಿಟ್ಟು ಹೋದ.

ಹುಲ್ಲು ಕೊಯ್ಯುವುದು ಬಸವಂತರಾಯನ ಕೆಲಸವಲ್ಲವಲ್ಲ. ಅದಕ್ಕೆ ಬಸ್ಸಮ್ಮನನ್ನು ಕರೆದ. ಬಸ್ಸಮ್ಮ ಊರ ಕೆಳಗಿನ ಓಣಿಯವಳು, ಗಂಡನಿಲ್ಲ. ಸ್ವಂತದ ತುಂಡು ಹೊಲದಲ್ಲಿ ಅವಳೂ ಮೆಣಸಿನಕಾಯಿ ಹಾಕುತ್ತಿದ್ದಳು, ಒಂದು ಎಮ್ಮೆ ಸಾಕಿದ್ದಳು. ಮಗಳು ಅಂಬಿಕಾ ಲಿಂಗಸೂಗೂರಿನಲ್ಲಿ ನರ್ಸ್. ಎಮ್ಮೆಗೆ ಹುಲ್ಲು ಸಿಗುತ್ತದೆಂದು ಬಸ್ಸಮ್ಮ ಒಪ್ಪಿಕೊಂಡಳು. ಬಂದಾಗ ಬಸವಂತರಾಯ ಕೀಲಿಕೈ ಕೊಡುತ್ತಿದ್ದ, ಹೋಗುವಾಗ ತಿರುಗಿ ಇಸಿದುಕೊಳ್ಳುತ್ತಿದ್ದ.

ಅಂದಿನಿಂದ ಬೆಂಚಿನ ಮೇಲಿನ ಮಾತು ಬದಲಾಯಿತು. "ನಿನ್ನೆ ಮಳಿ ಎಷ್ಟ್ ಆತ್ರಿ ರಾಯರ?" ಎಂದು ಒಬ್ಬ ಸುಮ್ಮನೆ ಕೇಳಿದ. ಜನ ತನ್ನನ್ನು ಒಂದು ಪ್ರಶ್ನೆ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಬಸವಂತರಾಯನಿಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಆದರೂ ಕಣ್ಣು ಅರೆಮುಚ್ಚಿ, ಯೋಚಿಸಿದವನಂತೆ ಮಾಡಿ, ಬಾಯಿಗೆ ಬಂದ ಒಂದು ಅಂಕಿ ಹೇಳಿದ. ಕೇಳಿದವನು ತಲೆಯಾಡಿಸಿದ. ಮರುದಿನದಿಂದ ಅವನು ಯಾರೂ ಕೇಳದೆಯೂ ಹೇಳತೊಡಗಿದ. ಹತ್ತಿರದ ಸಂತೆಕಲ್ಲೂರಿನ ಮಳೆಯನ್ನೂ ಹೇಳಿದ. ಅಲ್ಲಿಯ ಯಂತ್ರ ಬೇರೆ, ಅದರ ಬಳಿ ಅವನು ಹೋದವನೂ ಅಲ್ಲ.

ಮೊದಲ ವರ್ಷ ಗಿಡ ಬೆಳೆಯುವ ಹೊತ್ತಿಗೆ ಮಳೆ ಕೈಕೊಟ್ಟಿತು. ಯಂತ್ರ ಅದನ್ನೇ ಹೇಳಿತು. ವಿಮೆ ಮಾಡಿಸಿದವರ ಖಾತೆಗೆ ಪರಿಹಾರ ಬಂತು. ಇದರಲ್ಲಿ ಬಸವಂತರಾಯನ ಪಾತ್ರ ಅವನ ಹಿತ್ತಲ ಗೋಡೆಯ ಪಾತ್ರಕ್ಕಿಂತ ಹೆಚ್ಚಿರಲಿಲ್ಲ. ಆದರೆ ದಾದೇಸಾಬನ ಅಂಗಡಿಯಲ್ಲಿ ಅವನು ದನಿ ತಗ್ಗಿಸಿ ದುರುಗೇಶನಿಗೆ ಹೇಳಿದ, "ಹೆಂಗ ಬಂತು ಅಂತ ಕೇಳಬ್ಯಾಡ. ನಾ ನೋಡ್ಕೊಂಡೀನಿ. ಇಷ್ಟ ತಿಳ್ಕೊ."

ದುರುಗೇಶ ಊರಿನ ಮೆಣಸಿನಕಾಯಿ ರೈತರಲ್ಲಿ ದೊಡ್ಡ ಬಾಯಿಯವನು. ಅವನಿಗೆ ಹೇಳಿದ್ದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಹಾಗೇ ಆಯಿತು. ಕೆಲವರು ನಂಬಿದರು. ಕೆಲವರು ನಂಬದಿದ್ದರೂ ಮುಂದಿನ ವರ್ಷಕ್ಕೆ ಇರಲಿ ಎಂದು ತುಪ್ಪ ಕೊಟ್ಟರು, ಜವಾರಿ ಕೋಳಿ ಕೊಟ್ಟರು. ಕೋಳಿ ತಿನ್ನದ ಮನೆಗೆ ಕೋಳಿ ಯಾಕೆಂದು ಶೇಖರಮ್ಮ ಅದನ್ನು ಹೊರಗಟ್ಟಿದಳು. ಬಸವಂತರಾಯ ಸಿಂಧನೂರಿಗೆ ಹೋಗಿ ತಾನೇ ಒಂದು ಶಾಲು ಕೊಂಡುತಂದು ದುರುಗೇಶನ ಕೈಗೆ ಕೊಟ್ಟ. ಮುಂದಿನ ಸೋಮವಾರ ದುರುಗೇಶ ಅದನ್ನು ನಾಲ್ಕು ಜನರ ನಡುವೆ ಬಸವಂತರಾಯನಿಗೆ ಹೊದಿಸಿ, "ಊರಿನ ಮಳಿಗೆ ಮಾಲಕ್ರು ನಮ್ಮ ರಾಯರು" ಎಂದ. ಬಸವಂತರಾಯನ ಕಣ್ಣಲ್ಲಿ ನೀರು ಬಂತು. ತಾನು ಕೊಂಡ ಶಾಲಿಗೆ ತಾನೇ ಕಣ್ಣೀರು ಹಾಕಬಲ್ಲ ಮನುಷ್ಯ ಅವನು.

ಎರಡನೆಯ ವರ್ಷ ಮಳೆ ಚೆನ್ನಾಗಿ ಆಯಿತು. ಹದಕ್ಕೆ ಬಂತು, ಹದಕ್ಕೆ ನಿಂತಿತು. ಮೆಣಸಿನ ಗಿಡ ಕವಲೊಡೆದು ಹಬ್ಬಿತು. ಊರಿಗೆಲ್ಲ ಖುಷಿ, ಬಸವಂತರಾಯನೊಬ್ಬನಿಗೆ ಸಂಕಟ. ಬೆಂಚಿನ ಬಳಿ ಜನ ನಿಲ್ಲುವುದು ಕಡಿಮೆಯಾಯಿತು. "ಈ ವರ್ಷ ನಿಮ್ಮ ಮಷೀನಿಗೆ ಕೆಲಸ ಇಲ್ಲ ಬಿಡ್ರಿ ರಾಯರ" ಎಂದು ದಾದೇಸಾಬ ನಕ್ಕ. ಅವನು ಕೆಟ್ಟದ್ದೆಣಿಸಿ ನಕ್ಕದ್ದಲ್ಲ. ಬಸವಂತರಾಯನಿಗೆ ಮಾತ್ರ ಅದು ಎದೆಗೆ ನಾಟಿತು.

"ಯಾಕ ಕೆಲಸ ಇಲ್ಲ? ಈ ವರ್ಷನೂ ರೊಕ್ಕ ಬರ್ತದ. ನಾ ಅದೀನಿ" ಎಂದು ಬಿಟ್ಟ.

ಒಳ್ಳೆಯ ಬೆಳೆಯ ವರ್ಷದಲ್ಲೂ ಪರಿಹಾರ ಬರಿಸುತ್ತೇನೆ ಎಂದು ಹೇಳಿಕೊಂಡವನನ್ನು ಊರು ಬೈದು ಕೂಡಿಸಬೇಕಿತ್ತು. ದುರುಗೇಶ ಅವನಿಗೆ ಎಲೆಅಡಿಕೆ ಕೊಟ್ಟ.

ದಸರೆ ಮುಗಿದ ಮೇಲೆ ಬಸವಂತರಾಯ ಅಡುಗೆಮನೆಯಿಂದ ಶೇಖರಮ್ಮನ ಅಲ್ಯುಮಿನಿಯಂ ಡಬರಿಯನ್ನು, ಅವಳು ಹಬ್ಬಕ್ಕೆ ಹೋಳಿಗೆಯ ಬೇಳೆ ಬೇಯಿಸುವ ಅಗಲ ಬಾಯಿಯ ಪಾತ್ರೆಯನ್ನು, ಎತ್ತಿಕೊಂಡು ಹೋಗಿ ಯಂತ್ರದ ಮೇಲೆ ಬೋರಲು ಹಾಕಿದ. ಹೊಲದ ಕೆಲಸ ಹೆಚ್ಚಿದ್ದರಿಂದ ಬಸ್ಸಮ್ಮ ಆ ದಿನಗಳಲ್ಲಿ ಹುಲ್ಲಿಗೆ ಬರುತ್ತಿರಲಿಲ್ಲ. ಹನಿ ಒಳಗೆ ಬೀಳದಿದ್ದರೆ ಮಳೆಯಿಲ್ಲ, ಮಳೆಯಿಲ್ಲದಿದ್ದರೆ ಪರಿಹಾರ. ಅವನ ಬುದ್ಧಿ ಇಷ್ಟು ದೂರ ಹೋಯಿತು, ಅಲ್ಲಿಗೆ ನಿಂತಿತು. ಮಳೆಯ ಕೊರತೆಯನ್ನು ಎಣಿಸುವ ತಿಂಗಳುಗಳು ಅಷ್ಟರಲ್ಲಿ ಮುಗಿದೇ ಹೋಗಿದ್ದವು. ಇನ್ನು ಮುಂದೆ ಎಣಿಸುವುದು ಅತಿಮಳೆಯನ್ನು ಮಾತ್ರ. ಮಸ್ಕಿಯಲ್ಲಿ ನಡೆದ ವಿಮೆಯ ಸಭೆಯಲ್ಲಿ ಇದನ್ನು ಬಿಡಿಸಿ ಹೇಳಿದ್ದರು. ಬಸವಂತರಾಯ ಮುಂದಿನ ಸಾಲಿನಲ್ಲೇ ಕೂತಿದ್ದ; ಆದರೆ ಅವನ ಗಮನವೆಲ್ಲ ಫೋಟೊ ತೆಗೆಯುವವನ ಕಡೆಗಿತ್ತು.

"ನನ್ನ ಡಬರಿ ಎಲ್ಲಿ ಹೋತು?" ಎಂದು ಶೇಖರಮ್ಮ ಕೇಳಿದಳು.

"ಮಠದ ದಾಸೋಹಕ್ಕ ಕೊಟ್ಟೀನಿ" ಎಂದ.

ದೀಪಾವಳಿಯ ಹೊತ್ತಿಗೆ ಮೆಣಸಿನಕಾಯಿ ಕೆಂಪೇರಿತ್ತು. ಕೆಲವರು ಮೊದಲ ಕೊಯ್ಲಿನ ಕಾಯಿ ಹರಿದು ಕಣದಲ್ಲಿ ಹರವಿದ್ದರು. ಬಸವಂತರಾಯ ಸಿಂಧನೂರಿನ ನೆಂಟರ ಮನೆಗೆ ಹಬ್ಬಕ್ಕೆ ಹೋದ. ಅಲ್ಲಿ ಕಾಲುವೆ ನೀರಿನ ಭತ್ತ ಬೆಳೆಯುವವರ ಮುಂದೆ ಕೂತು, ತಮ್ಮ ಕಡೆಯ ಒಣಬೇಸಾಯವೆಲ್ಲ ತನ್ನ ಕೈಯಲ್ಲೇ ನಡೆಯುತ್ತದೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಆಗ ಸಮುದ್ರದ ಕಡೆಯಿಂದ ಮೋಡ ಎದ್ದು ಬಂತು. ಅಕಾಲದ ಮಳೆ. ಹಗಲೆನ್ನದೆ ಇರುಳೆನ್ನದೆ ಸುರಿಯಿತು. ಪಾಮನಕಲ್ಲೂರಿನ ಹಳ್ಳ ಉಕ್ಕಿ ದಾರಿಗೆ ಹತ್ತಿತು, ಬಸ್ಸುಗಳು ನಿಂತವು. ಕಣದಲ್ಲಿದ್ದ ಕಾಯಿಯ ಮೇಲೆ ತಾಡಪಾಲು ಹೊದಿಸಿದರೂ ಕೆಳಗಿನಿಂದ ನೀರು ನುಗ್ಗಿತು. ಗಿಡದಲ್ಲಿದ್ದ ಕಾಯಿ ಮೊದಲು ಮೆತ್ತಗಾಯಿತು, ಆಮೇಲೆ ಬಿಳಿಚಿತು, ಕಪ್ಪು ಮಚ್ಚೆ ಬಿದ್ದು ಉದುರತೊಡಗಿತು. ಶೇಖರಮ್ಮ ಸೆರಗು ತಲೆಗೆ ಹೊದ್ದು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಾಯಿ ಆರಿಸಿದಳು. ಪಕ್ಕದ ಹೊಲದಲ್ಲಿ ಬಸ್ಸಮ್ಮನೂ ಅದನ್ನೇ ಮಾಡುತ್ತಿದ್ದಳು. ಆರಿಸಿದ್ದು ಮನೆಗೆ ತರುವಷ್ಟರಲ್ಲಿ ನಾರುತ್ತಿತ್ತು.

ಬಸವಂತರಾಯ ಊರಿಗೆ ಮರಳಿದ್ದು ಮಳೆ ನಿಂತು ಬಿಸಿಲು ಬಿದ್ದ ಮೇಲೆ. ದಾರಿಯುದ್ದಕ್ಕೂ ಕೊಳೆತ ಮೆಣಸಿನಕಾಯಿಯ ವಾಸನೆ. ಬಸ್ಸಿನಲ್ಲಿ ಜನ, ಅತಿಮಳೆಗೆ ಪರಿಹಾರ ಬರುತ್ತದೆ, ಯಂತ್ರ ಲೆಕ್ಕ ಹಿಡಿದಿರುತ್ತದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಅದನ್ನು ಕೇಳಿದ ಮೇಲೆ ಅವನು ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ಹಿತ್ತಲಿಗೆ ಹೋಗಿ ಡಬರಿ ತೆಗೆದ. ಬಟ್ಟೆ ಒಣಹಾಕುತ್ತಿದ್ದ ಶೇಖರಮ್ಮ ನೋಡಿದಳು.

"ಇದು ಮಠಕ್ಕ ಹೋಗಿತ್ತಲ್ಲ?"

"ಹಕ್ಕಿ ಹೊಲಸು ಮಾಡ್ತಾವಂತ ಮುಚ್ಚಿದ್ದೆ. ನಿನಗ್ಯಾಕ ಅದೆಲ್ಲ?"

ಅವಳಿಗೆ ಆಗ ಅದರ ಅರ್ಥವಾಗಲಿಲ್ಲ. ಅರ್ಥವಾದದ್ದು ಕೆಲ ದಿನಗಳ ಮೇಲೆ. ಸಂತೆಕಲ್ಲೂರಿನ ಕಡೆಯವರಿಗೆ ಪರಿಹಾರ ಮಂಜೂರಾಯಿತು. ಪಾಮನಕಲ್ಲೂರಿಗೆ ಆಗಲಿಲ್ಲ. ದುರುಗೇಶ ಮತ್ತು ಇನ್ನೊಂದಿಷ್ಟು ಜನ ಮಸ್ಕಿಗೆ ಹೋಗಿ ವಿಮೆಯವರನ್ನು ವಿಚಾರಿಸಿದರೆ, ನಿಮ್ಮ ಊರಲ್ಲಿ ಮಳೆಯೇ ಆಗಿಲ್ಲ ಎಂದು ಯಂತ್ರ ಹೇಳುತ್ತಿದೆ ಎಂದರು. ಹಳ್ಳ ಉಕ್ಕಿ ಬಸ್ಸು ನಿಂತ ಊರಲ್ಲಿ ಒಂದು ಹನಿಯೂ ಬಿದ್ದಿಲ್ಲ! ಆ ಸುದ್ದಿ ಕೇಳಿ ಶೇಖರಮ್ಮ ಗಂಡನ ಮುಂದೆ ಬಂದು ನಿಂತಳು.

"ಹಕ್ಕಿ ಸಲುವಾಗಿ ಮುಚ್ಚಿದ್ದಿರೇನು?"

ಅವನು ಮೊದಲು ಗದರಿದ. ಆಮೇಲೆ ಅತ್ತ. "ಮನಿ ಇಜ್ಜತ್ ಹೋಗ್ತದ ಶೇಖ್ರಿ. ಬಾಯಿ ಬಿಡಬ್ಯಾಡ. ಅಪ್ಪನ ಹೆಸರು ನೋಡು" ಎಂದ.

"ನನ್ನ ಹೊಲಾನೂ ಕೊಳೀತಲ್ಲ, ಅದು ನಿಮಗ ನೆನಪಿತ್ತೇನು?" ಎಂದು ಕೇಳಿದಳು.

ಅವನಿಗೆ ನೆನಪಿರಲಿಲ್ಲ. ಹೆಂಡತಿಯೂ ಮೆಣಸಿನಕಾಯಿ ಬೆಳೆಯುತ್ತಾಳೆ, ಅವಳೂ ವಿಮೆ ಮಾಡಿಸಿದ್ದಾಳೆ ಎಂಬುದು ಅವನ ತಲೆಯಲ್ಲಿ ಎಲ್ಲಿಯೂ ಇರಲಿಲ್ಲ. ಆದರೂ ಶೇಖರಮ್ಮ ಹೊರಗೆ ಹೇಳಲಿಲ್ಲ. ಗಂಡನ ಮೇಲೆ ಕರುಣೆಯಿಂದ ಅಲ್ಲ. ಮಾವ ಕೂತು ನ್ಯಾಯ ಹೇಳಿದ ಕಟ್ಟೆಯ ಮೇಲೆ ಊರ ಜನ ಉಗಿಯುವುದನ್ನು ನೋಡಲು ಅವಳಿಗೆ ಮನಸ್ಸಾಗಲಿಲ್ಲ. ಆ ಮೌನ ಅವಳಿಗೆ ಹಿತವಾಗಿರಲಿಲ್ಲ.

ಯಂತ್ರ ಪರೀಕ್ಷಿಸಲು ಅಖ್ತರ್ ಬಂದ. ಬಸವಂತರಾಯನ ಹಿತ್ತಲು ಜನರಿಂದ ತುಂಬಿತು. ಬಸ್ಸಮ್ಮ ಒಂದು ಬದಿಗೆ ನಿಂತಿದ್ದಳು. ರಜೆಯ ಮೇಲೆ ಬಂದಿದ್ದ ಅಂಬಿಕಾ ತಾಯಿಯ ಪಕ್ಕದಲ್ಲಿದ್ದಳು. ಅಖ್ತರ್ ಬೇಲಿಯ ಕೀಲಿ ತೆಗೆದು ಒಳಗೆ ಹೋಗಿ ಲಾಳಿಕೆಯೊಳಗೆ ಬಗ್ಗಿ ನೋಡಿದ. ಒಳಗೆ ಕಣಜವೊಂದು ಮಣ್ಣಿನಿಂದ ಕಟ್ಟಿದ್ದ ಗೂಡಿತ್ತು, ಮರಿ ಹಾರಿಹೋಗಿ ಹಳೆಯದಾಗಿತ್ತು. ಗೂಡು ಚೂರೂ ಕರಗದೆ ನಿಂತಿತ್ತು.

"ಅಂಥ ಮಳಿಗೆ ಈ ಮಣ್ಣು ಉಳೀತಿರಲಿಲ್ಲ. ಮಷೀನ ಕೆಟ್ಟಿಲ್ರಿ. ಯಾರೋ ಇದನ್ನ ಮುಚ್ಯಾರ" ಎಂದ ಅಖ್ತರ್.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಸವಂತರಾಯ ತಪ್ಪೊಪ್ಪಿಕೊಳ್ಳಬಹುದಿತ್ತು. ಸುಮ್ಮನೆಯಾದರೂ ಇರಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸುಮ್ಮನಿರುವುದು ಅವನಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ.

"ಬೇಲಿ ಒಳಗ ಹೋಗಾಕಿ ಒಬ್ಬಾಕಿನೇ" ಎಂದ. "ಹುಲ್ಲು ಕೊಯ್ಯಾಕ ಬರ್ತಾಳಲ್ಲ, ಬಸ್ಸಮ್ಮ. ಕೀಲಿ ಇಸ್ಕೊಂಡು ಹೋಗಿದ್ಳು."

"ಹೌದ್ಹೌದು, ಆಕಿ ಕೈಯಾಗ ಕೀಲಿ ನಾ ನೋಡೀನಿ" ಎಂದವನು ದುರುಗೇಶ.

ಬಸ್ಸಮ್ಮ ಮುಂದೆ ಬಂದಳು. "ನನ್ನ ಕಾಯಿ ಕೊಳೀಲಿ ಅಂತ ನಾನೇ ಮುಚ್ಚೀನೇನ್ರಿ? ನನಗೇನ್ ಹುಚ್ಚು ಹಿಡದೈತೇನು? ನಾ ವಿಮಾ ಕಟ್ಟಿಲ್ಲೇನು?"

ಇದಕ್ಕೆ ಉತ್ತರ ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಬಸವಂತರಾಯ ದನಿಯಲ್ಲಿ ಜೇನು ಬೆರೆಸಿ ಊರಿನವರ ಕಡೆ ತಿರುಗಿದ. "ತಿಳಿವಳಿಕಿ ಇಲ್ಲದಾಕಿ, ಏನೋ ಮಾಡ್ಯಾಳ. ಆಕಿಗೆ ಏನೂ ಮಾಡೂದು ಬ್ಯಾಡ. ಆಕಿ ಹೆಸರು ಒಂದು ಬರಕೊಟ್ರ ಮುಗೀತು. ಕಂಪನಿ ನಂಬತದ, ಊರಿಗೆಲ್ಲ ರೊಕ್ಕ ಬರ್ತದ. ಪೊಲೀಸರ ಹತ್ರ ನಾ ಮಾತಾಡ್ತೀನಿ."

ಆ ಹಿತ್ತಲಲ್ಲಿ ಅವತ್ತು ನಿಂತಿದ್ದವರಲ್ಲಿ ಹೆಚ್ಚಿನವರು ಬಸ್ಸಮ್ಮನನ್ನು ಬಾಲ್ಯದಿಂದ ಬಲ್ಲವರು. ಅವಳು ಇಂಥದು ಮಾಡುವವಳಲ್ಲ ಎಂದು ಅವರಿಗೆ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಕೆಳಗಿನ ಓಣಿಯ ಒಂದು ಹೆಂಗಸಿನ ಹೆಸರು ಬರೆದರೆ ಎಲ್ಲರ ಖಾತೆಗೆ ದುಡ್ಡು ಬೀಳುತ್ತದೆ ಎಂದಾಗ ಕೆಲವರ ಕಣ್ಣು ನೆಲಕ್ಕಿಳಿದವು, ಕೆಲವರು ಆಕಾಶ ನೋಡಿದರು. ಒಬ್ಬ, "ಊರ ಸಲುವಾಗಿ ಅಲ್ಲೇನವಾ" ಎಂದು ಬಸ್ಸಮ್ಮನಿಗೇ ಬುದ್ಧಿ ಹೇಳಿದ. ಬಸವಂತರಾಯ ಹೇಸಿಗೆಯ ಮನುಷ್ಯ, ನಿಜ. ಆ ಕ್ಷಣ ಊರು ಅವನಿಗಿಂತ ಎತ್ತರವೇನೂ ಇರಲಿಲ್ಲ.

ಅಂಬಿಕಾ ಮುಂದೆ ಬಂದಳು. "ಬರೀರಿ. ನಮ್ಮವ್ವನ ಹೆಸರು ಬರೀರಿ. ಆದ್ರ ಕಣ್ಣಿಂದ ನೋಡೀನಿ ಅಂತ ಬರದು ಕೆಳಗ ಒಬ್ಬೊಬ್ಬರೂ ಸಹಿ ಮಾಡ್ರಿ. ಯಾರ್ ಮೊದಲು ಮಾಡ್ತೀರಿ? ದುರುಗೇಶಣ್ಣ, ನೀ ಮಾಡ್ತಿಯೇನು?"

ದುರುಗೇಶ ಒಂದು ಹೆಜ್ಜೆ ಹಿಂದೆ ಸರಿದ.

ಅಷ್ಟರಲ್ಲಿ ಹಿತ್ತಲ ಬಾಗಿಲು ತೆರೆಯಿತು. ಶೇಖರಮ್ಮ ಡಬರಿ ಹಿಡಿದುಕೊಂಡು ಬಂದಳು. ಯಾರನ್ನೂ ನೋಡದೆ ಬೇಲಿಯೊಳಗೆ ಹೋಗಿ ಅದನ್ನು ಯಂತ್ರದ ಮೇಲೆ ಬೋರಲು ಹಾಕಿದಳು. ಹೇಳಿ ಮಾಡಿಸಿದಂತೆ ಕೂತಿತು.

"ನೋಡ್ರಿ ಅಖ್ತರ್, ಅಳತಿ ಸರಿ ಆಗೇದ" ಎಂದಳು. "ಈ ಡಬರಿ ನಂದು. ಮುಚ್ಚಿದವರು ಇವರು. ದಸರಿ ಆದಮ್ಯಾಲ ಮುಚ್ಯಾರ, ಸಿಂಧನೂರಿಂದ ಬಂದು ತಗದಾರ. ತಗಿಯೂದು ನಾ ಕಣ್ಣಾರೆ ನೋಡೀನಿ. ಎಲ್ಲಿ ಬರಕೊಡಬೇಕು ಹೇಳ್ರಿ, ನಾ ಸಹಿ ಮಾಡ್ತೀನಿ."

"ಲೇ, ಒಳಗ ನಡಿ!" ಎಂದು ಬಸವಂತರಾಯ ಚೀರಿದ.

"ಒಳಗ ಇದ್ದು ಇದ್ದು ಸಾಕಾಗೇದ" ಎಂದಳು ಶೇಖರಮ್ಮ. "ನಿಮ್ಮ ಮೂರ್ಖತನ ಮುಚ್ಚಿಡಾಕ ನಾ ತಯಾರಿದ್ದೆ. ನನ್ನ ಬೆಳಿ ಹೋದ್ರೂ ಬಾಯಿ ಮುಚ್ಕೊಂಡಿದ್ದೆ. ಆದ್ರ ಏನೂ ಇಲ್ಲದಾಕಿ ತಲಿಗೆ ಕಟ್ಟಾಕತ್ತೀರಲ್ಲ, ನಿಮಗ ನಾಚಿಕಿ ಅನ್ನೂದು ಎಳ್ಳಷ್ಟರ ಐತೇನು? ಮಾವನ ಹೆಸರು ಹೇಳಿ ನನ್ನ ಬಾಯಿ ಕಟ್ಟಿದ್ರಿ. ಮಾವ ಬದುಕಿದ್ರ ನಿಮ್ಮನ್ನ ಇದೇ ಗ್ವಾಡಿ ಆಚೆ ಎಸೀತಿದ್ರು."

ನಂತರ ಊರಿನವರ ಕಡೆ ತಿರುಗಿದಳು. "ನೀವೂ ಹಂಗ. ಬಸ್ಸಮ್ಮ ಮಾಡಿಲ್ಲ ಅಂತ ಒಬ್ಬ ಗಂಡಸಾದ್ರೂ ಅನ್ಲಿಲ್ಲ."

ಬಸವಂತರಾಯ ತಾನು ಊರ ಸಲುವಾಗಿ ಮಾಡಿದ್ದೆಂದು ಏನೋ ತೊದಲಿದ. ಅದು ಯಾರ ಕಿವಿಗೂ ಹೋಗದಾಗ ಎದೆ ಹಿಡಿದುಕೊಂಡು ನೆಲಕ್ಕೆ ಕೂತ. ಅವನನ್ನು ಆಟೋದಲ್ಲಿ ಮಸ್ಕಿಗೆ ಕರೆದೊಯ್ದರು. ಡಾಕ್ಟರು ಪರೀಕ್ಷೆ ಮಾಡಿ, ಹೊಟ್ಟೆಯಲ್ಲಿ ಗ್ಯಾಸ್ ತುಂಬಿದೆ, ಬೇರೇನಿಲ್ಲ ಎಂದು ಗುಳಿಗೆ ಕೊಟ್ಟು ಕಳಿಸಿದರು. ಜೊತೆಗೆ ಹೋಗಿದ್ದ ದಾದೇಸಾಬ ಈ ಸುದ್ದಿಯನ್ನು ತನ್ನ ಅಂಗಡಿಗೆ ಬಂದವರಿಗೆಲ್ಲ ಚಹಾದ ಜೊತೆ ಕೊಟ್ಟ.

ಮುಂದಿನದು ಸುಲಭವಾಗಿರಲಿಲ್ಲ. ಊರಿನವರೇ ಯಂತ್ರ ಮುಚ್ಚಿದ್ದಾರೆ, ಹಾಗಾಗಿ ಯಾರಿಗೂ ಏನೂ ಇಲ್ಲ ಎಂದಿತು ಕಂಪನಿ. ಒಬ್ಬ ಮಾಡಿದ್ದಕ್ಕೆ ಉಳಿದವರೇಕೆ ಸಾಯಬೇಕು ಎಂದು ಅಂಬಿಕಾ ಹಿಡಿದ ಹಟ ಬಿಡಲಿಲ್ಲ. ಮಸ್ಕಿ, ಲಿಂಗಸೂಗೂರು, ರಾಯಚೂರು ಎಂದು ತಿರುಗಿದಳು. ಶೇಖರಮ್ಮ ಪ್ರತಿ ಸಲವೂ ಅವಳ ಜೊತೆ ಹೋಗಿ ಅದೇ ಮಾತನ್ನು ಹೇಳಿದಳು. ನನ್ನ ಗಂಡ ಮುಚ್ಚಿದ, ನಾನು ನೋಡಿದೆ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಹೋಗುವುದನ್ನು ಊರು ಬಿಟ್ಟ ಕಣ್ಣು ಮುಚ್ಚದೆ ನೋಡಿತು. ಕಡೆಗೆ ಪಾಮನಕಲ್ಲೂರಿನ ಯಂತ್ರದ ಲೆಕ್ಕ ಬಿಟ್ಟು, ಹತ್ತಿರದ ಸಂತೆಕಲ್ಲೂರಿನ ಯಂತ್ರದ ಲೆಕ್ಕವನ್ನೇ ಹಿಡಿಯಬೇಕೆಂದು ತೀರ್ಮಾನವಾಯಿತು. ಬೇಸಿಗೆಯ ಹೊತ್ತಿಗೆ ಪರಿಹಾರ ಬಂತು. ಕೊಳೆತು ಹೋದದ್ದಕ್ಕೆ ಅದು ಸಾಟಿಯಾಗಲಿಲ್ಲ, ಆದರೆ ಮುಂದಿನ ಬಿತ್ತನೆಗೆ ಒದಗಿತು.

ಊರಿನವರು ಅಂಬಿಕಾಳನ್ನು ಹೊಗಳಿದರು. ಬಸ್ಸಮ್ಮನ ಮುಂದೆ ನಿಂತು ತಪ್ಪಾಯಿತು ಎಂದವರು ಯಾರೂ ಇಲ್ಲ. ಪರಿಹಾರ ಬಂದ ವಾರವೇ ದುರುಗೇಶ ಅವಳ ಮನೆಯ ಮುಂದೆ ಬೈಕು ನಿಲ್ಲಿಸಿ, "ಕಳೆ ತಗಿಯಾಕ ಬರ್ತಿಯೇನವಾ" ಎಂದು ಏನೂ ಆಗದವನಂತೆ ಕೇಳಿದ. ಅವಳು ತನ್ನ ಕೆಲಸವೇ ತನಗಿದೆ ಎಂದು ಬಾಗಿಲು ಮುಂದಕ್ಕೆ ಮಾಡಿಕೊಂಡಳು.

ಯಂತ್ರವನ್ನು ಬೇರೆ ಕಡೆಗೆ ಸಾಗಿಸಿದರು. ಬಸವಂತರಾಯನ ಮೇಲೆ ಹೂಡಿದ ಪ್ರಕರಣ ಇನ್ನೂ ಎಳೆದಾಡುತ್ತಿದೆ. ಅವನು ಬಿಳಿ ಅಂಗಿ ತೊಟ್ಟು ಕೋರ್ಟಿನ ತಾರೀಖಿಗೆ ಹೋಗಿ ಬರುತ್ತಾನೆ. ಶೇಖರಮ್ಮ ಅವನಿಗೆ ಊಟಕ್ಕೆ ಬಡಿಸುತ್ತಾಳೆ, ಕರೆಯುವುದನ್ನು ಬಿಟ್ಟಿದ್ದಾಳೆ. ಕೆಲ ತಿಂಗಳು ಅವನು ಬೆಂಚಿನ ಕಡೆ ಸುಳಿಯಲಿಲ್ಲ. ನಾಚಿಕೆಯಿಂದ ಎಂದು ಒಬ್ಬಿಬ್ಬರು ಅಂದುಕೊಂಡರು. ಅವರು ಅವನನ್ನು ಅರಿತಿರಲಿಲ್ಲ. ಮುಂಗಾರಿಗೆ ಮೊದಲೇ ಅವನು ಮಸ್ಕಿಯ ಬಸ್ ನಿಲ್ದಾಣದಲ್ಲಿ ಅಪರಿಚಿತರ ಮುಂದೆ ಕೂತು ಹೊಸ ಕಥೆ ಹೇಳತೊಡಗಿದ್ದ. ಕಂಪನಿಯವರ ಮೋಸ ಬಯಲು ಮಾಡಲೆಂದೇ ತಾನು ಯಂತ್ರ ಮುಚ್ಚಿದ್ದು, ತಾನು ಎಲ್ಲವನ್ನೂ ಮೈಮೇಲೆ ಹಾಕಿಕೊಂಡಿದ್ದರಿಂದಲೇ ಊರಿಗೆ ಪರಿಹಾರ ಬಂದದ್ದು.

ಈ ಕಥೆ ಬಾಯಲ್ಲಿ ಹದವಾದ ಮೇಲೆ ಅವನೇ ಅದನ್ನು ನಂಬಿದನೆಂದು ಕಾಣುತ್ತದೆ. ಏಕೆಂದರೆ ಮೆಣಸಿನ ಸಸಿ ನಾಟಿ ಮಾಡಿದ ದಿನಗಳಲ್ಲಿ ಒಂದು ಮಧ್ಯಾಹ್ನ ಅವನು ಬಸ್ಸಮ್ಮನ ಹೊಲಕ್ಕೆ ಹೋದ. ಅವಳು ಬಗ್ಗಿ ಸಸಿಯ ಬುಡಕ್ಕೆ ಮಣ್ಣು ಏರಿಸುತ್ತಿದ್ದಳು. ಆ ಕಡೆ ತನ್ನ ಹೊಲದಲ್ಲಿದ್ದ ಶೇಖರಮ್ಮ ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದಳು.

"ಬಸ್ಸಮ್ಮಾ, ಬೆಳಿ ಛಲೋ ಎದ್ದದಲ್ಲ" ಎಂದ ಬಸವಂತರಾಯ. "ನಿನಗೂ ರೊಕ್ಕ ಬಂತಂತ ಕೇಳೀನಿ. ನಾ ಅಷ್ಟೆಲ್ಲ ಹೈರಾಣ ಆಗಿದ್ದು ಯಾರ ಸಲುವಾಗಿ ಹೇಳು? ನಿಮ್ಮಂಥವರ ಸಲುವಾಗಿ. ಒಂದು ಮಾತರ ಯಾರೂ ಅನ್ಲಿಲ್ಲ ನೋಡು."

ಬಸ್ಸಮ್ಮ ಎದ್ದು ನಿಲ್ಲಲಿಲ್ಲ. ಅವನ ಮುಖ ನೋಡಲಿಲ್ಲ. ಅವನ ಕಾಲ ಕಡೆ ನೋಡಿದಳು.

"ಸಸಿ ಮ್ಯಾಲ ನಿಂತೀರಿ, ಸರೀರಿ" ಎಂದಳು.

ಅವನು ಸರಿದ. ಅವನ ತುಳಿತಕ್ಕೆ ಬಾಗಿದ ಸಸಿಯನ್ನು ಅವಳು ಎತ್ತಿ ನಿಲ್ಲಿಸಿ, ಬುಡಕ್ಕೆ ಎರಡು ಹಿಡಿ ಮಣ್ಣು ಒತ್ತಿ, ಮುಂದಿನ ಸಸಿಗೆ ಹೋದಳು.